ಟೆನರ್ ಸ್ಯಾಕ್ಸೋಫೋನ್ ಪ್ರಧಾನ ಜಾಝ್ ಧ್ವನಿಮುದ್ರಿಕೆಗಳು: ಮೌಖಿಕ ಪರಂಪರೆಯ ನೆಲೆಯಿಂದ

ಮೌಖಿಕ ಪರಂಪರೆಯ ಅಧ್ಯಯನದಲ್ಲಿ ಧ್ವನಿಮುದ್ರಣವು ಮೊದಲಿನಿಂದಲೂ ದ್ವಂದ್ವಕ್ಕೆ ಎಡೆಮಾಡಿಕೊಟ್ಟ ಸಾಧನ. ಕಲಾವಿದನು ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೃತಿಯನ್ನು ಅದು ಅಳಿಯದಂತೆ ಉಳಿಸಿಕೊಡುತ್ತದೆ. ಆದರೆ ಹಾಗೆ ಉಳಿಸುವಾಗ ಒಂದು ದಿನದ, ಒಂದು ಹೊತ್ತಿನ ನಿರೂಪಣೆಯನ್ನೇ ಅಧಿಕೃತ ಪಾಠವೆಂಬಂತೆ ನಿಲ್ಲಿಸಿಬಿಡುತ್ತದೆ. ಮುಂದಿನ ತಲೆಮಾರಿನ ಕಲಾವಿದನು ಗುರುವಿನ ಬಾಯಿಂದ ಕಲಿಯುವ ಬದಲು ಮುದ್ರಿಕೆಯಿಂದ ಕಲಿಯತೊಡಗಿದಾಗ ಪರಂಪರೆಯ ಸ್ವರೂಪವೇ ಬದಲಾಗುತ್ತದೆ. ಜಾನಪದ ವಿದ್ವಾಂಸರು ಈ ಪ್ರಶ್ನೆಯನ್ನು ಬಹುಮಟ್ಟಿಗೆ ಮಹಾಕಾವ್ಯಗಳ ಗಾಯನಕ್ಕೆ ಸಂಬಂಧಿಸಿದಂತೆ ಎತ್ತಿಕೊಂಡಿದ್ದಾರೆ. ಇದೇ ಪ್ರಶ್ನೆಯನ್ನು ಇನ್ನೂ ತೀವ್ರವಾಗಿ ಎದುರಿಸಿದ ಇನ್ನೊಂದು ಕ್ಷೇತ್ರವೆಂದರೆ ಅಮೆರಿಕದ ಕರಿಯ ಜನರ ನಡುವೆ ಹುಟ್ಟಿ ಬೆಳೆದ ಜಾಝ್ ಸಂಗೀತ. ಧ್ವನಿಮುದ್ರಣ ತಂತ್ರಜ್ಞಾನದ ಜೊತೆಜೊತೆಗೇ ಬೆಳೆದ, ಅದರಿಂದಲೇ ಹರಡಿದ, ಅದರಿಂದಲೇ ಕಟ್ಟಿಹಾಕಲ್ಪಟ್ಟ ಸಂಗೀತ ಪ್ರಕಾರ ಅದು.

ಜಾಝ್ ಸಂಗೀತದಲ್ಲಿ ಟೆನರ್ ಸ್ಯಾಕ್ಸೋಫೋನ್ ವಾದಕರು ನಾಯಕರಾಗಿ ಹೊರತಂದ ಧ್ವನಿಮುದ್ರಿಕೆಗಳಿಗೆ ವಿಶೇಷವಾದ ಸ್ಥಾನವಿದೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು, ಅದರಲ್ಲಿಯೂ ಸನ್ನಿ ರಾಲಿನ್ಸ್ ಅವರ ೧೯೫೬ರ ‘ಸ್ಯಾಕ್ಸೋಫೋನ್ ಕೊಲೊಸಸ್’ ಮುದ್ರಿಕೆಯನ್ನು, ಮೌಖಿಕ ಪರಂಪರೆಯ ದೃಷ್ಟಿಯಿಂದ ಇಲ್ಲಿ ವಿವೇಚಿಸಲಾಗಿದೆ. ಶ್ರೇಷ್ಠ ಮುದ್ರಿಕೆಗಳ ಪಟ್ಟಿಯನ್ನು ಒದಗಿಸುವುದು ಈ ವಿವೇಚನೆಯ ಉದ್ದೇಶವಲ್ಲ. ಅಂತಹ ಪಟ್ಟಿಗಳು ಈಗಾಗಲೇ ಬೇಕಾದಷ್ಟಿವೆ.

ವಾದ್ಯ ಮತ್ತು ಕಂಠ

ಬೆಲ್ಜಿಯಂ ದೇಶದ ದಿನಾಂಟ್ ಎಂಬಲ್ಲಿ ೧೮೧೪ರಲ್ಲಿ ಜನಿಸಿದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಈ ವಾದ್ಯವನ್ನು ರೂಪಿಸಿ, ೧೮೪೬ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಮೈಯೆಲ್ಲ ಹಿತ್ತಾಳೆಯದಾದರೂ ಜೊಂಡು ಜಾತಿಯ ಸಸ್ಯದಿಂದ ಸೀಳಿ ತೆಗೆದ ಒಂಟಿ ಪಟ್ಟಿಯ ಕಂಪನದಿಂದ ನಾದ ಹೊರಡುವುದರಿಂದ ಇದನ್ನು ಮರದ ಸುಷಿರವಾದ್ಯಗಳ ವರ್ಗಕ್ಕೆ ಸೇರಿಸುವುದು ವಾಡಿಕೆ. ಸೈನಿಕ ವಾದ್ಯವೃಂದಗಳಿಗಾಗಿ ಹುಟ್ಟಿದ ಈ ವಾದ್ಯ ಅದೇ ವೃಂದಗಳ ಮೂಲಕ ಜಗತ್ತನ್ನು ಸುತ್ತಿತು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಅದರ ನಾದವನ್ನು ಕೇಳಿ ಮನಸೋತ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥ್ (೧೯೪೯-೨೦೧೯) ಅವರು ಮುಂದೆ ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದ ವಿಷಯ ಕನ್ನಡಿಗರಿಗೆ ತಿಳಿದದ್ದೇ. ಅವರು ನುಡಿಸಿದ್ದು ಆಲ್ಟೊ ಸ್ಯಾಕ್ಸೋಫೋನ್. ಟೆನರ್ ಅದಕ್ಕಿಂತ ಗಾತ್ರದಲ್ಲಿ ದೊಡ್ಡದು, ಶ್ರುತಿಯಲ್ಲಿ ತಗ್ಗಿನದು.

ಟೆನರ್‌ನ ನಾದವ್ಯಾಪ್ತಿ ಗಂಡು ದನಿಯ ವ್ಯಾಪ್ತಿಗೆ ಹತ್ತಿರವಾದುದು. ಉಸಿರಿನ ಒತ್ತಡ, ತುಟಿಯ ಹಿಡಿತ, ಗಂಟಲಿನ ಆಕಾರ ಇವುಗಳಲ್ಲಿ ಸ್ವಲ್ಪ ವ್ಯತ್ಯಾಸವಾದರೂ ನಾದದ ಬಣ್ಣ ಬದಲಾಗುವುದರಿಂದ ಒಬ್ಬ ವಾದಕನ ದನಿ ಇನ್ನೊಬ್ಬನದರಂತೆ ಇರುವುದಿಲ್ಲ. ಪಳಗಿದ ಕೇಳುಗನು ಎರಡು ಸ್ವರ ಕೇಳಿದೊಡನೆ ವಾದಕನ ಹೆಸರು ಹೇಳಬಲ್ಲನು. ಒಳ್ಳೆಯ ವಾದನವನ್ನು ಜಾಝ್ ಕಲಾವಿದರು ‘ಕಥೆ ಹೇಳುವುದು’ ಎಂದು ಕರೆಯುತ್ತ ಬಂದಿರುವುದು ಇಲ್ಲಿ ಗಮನಾರ್ಹ. ಮಾತಿಲ್ಲದ ವಾದನವನ್ನು ಕಥನವೆಂದು ಕರೆಯುವ ಈ ರೂಢಿ ಕೇವಲ ಅಲಂಕಾರವಲ್ಲವೆಂಬುದು ಮುಂದಿನ ವಿವರಗಳಿಂದ ಸ್ಪಷ್ಟವಾಗುತ್ತದೆ.

ಮೂರು ನಿಮಿಷದ ಮುದ್ರಿಕೆ

ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಹತ್ತು ಅಂಗುಲದ ಮುದ್ರಿಕೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕೆ ಮಾತ್ರ ಅವಕಾಶವಿತ್ತು. ಟೆನರ್ ಸ್ಯಾಕ್ಸೋಫೋನನ್ನು ಜಾಝ್‌ನಲ್ಲಿ ಪ್ರತಿಷ್ಠಾಪಿಸಿದ ಕೋಲ್ಮನ್ ಹಾಕಿನ್ಸ್ (೧೯೦೪-೧೯೬೯) ಅವರು ಫ್ಲೆಚರ್ ಹೆಂಡರ್ಸನ್ ವಾದ್ಯವೃಂದದಲ್ಲಿ ದಶಕಕ್ಕೂ ಮಿಕ್ಕಿ ನುಡಿಸಿ, ಐದು ವರ್ಷ ಯೂರೋಪಿನಲ್ಲಿದ್ದು, ೧೯೩೯ರಲ್ಲಿ ಹಿಂದಿರುಗಿದರು. ಅದೇ ವರ್ಷ ಅಕ್ಟೋಬರ್ ೧೧ರಂದು ನ್ಯೂಯಾರ್ಕಿನಲ್ಲಿ ಅವರು ‘ಬಾಡಿ ಅಂಡ್ ಸೋಲ್’ ಎಂಬ ಜನಪ್ರಿಯ ಗೀತೆಯನ್ನು ಮುದ್ರಿಸಿದರು. ಈ ಗೀತೆಗೆ ೧೯೩೦ರಲ್ಲಿ ರಾಗಸಂಯೋಜನೆ ಮಾಡಿದವರು ಜಾನಿ ಗ್ರೀನ್. ಹಾಕಿನ್ಸ್ ತಮ್ಮ ಮುದ್ರಿಕೆಯಲ್ಲಿ ಮೂಲ ಧಾಟಿಯ ಛಾಯೆಯನ್ನು ಆರಂಭದ ಕೆಲವು ಬಾರ್‌ಗಳಲ್ಲಿ ಮಾತ್ರ ತೋರಿಸಿ, ಉಳಿದ ಎರಡು ಆವರ್ತಗಳುದ್ದಕ್ಕೂ ಆ ಗೀತೆಯ ಸ್ವರಮೇಳಗಳ ಮೇಲೆ ತಮ್ಮದೇ ಆದ ಧಾಟಿಯನ್ನು ಆಶುವಾಗಿ ಕಟ್ಟುತ್ತ ಹೋಗುತ್ತಾರೆ. ಜನರು ಕೊಂಡದ್ದು, ಕಂಠಪಾಠ ಮಾಡಿದ್ದು ಈ ಹೊಸ ಧಾಟಿಯನ್ನೇ. ಎಡ್ಡಿ ಜೆಫರ್ಸನ್ ಎಂಬ ಗಾಯಕರು ಹಾಕಿನ್ಸ್ ಅವರ ವಾದನದ ಪ್ರತಿಯೊಂದು ಸ್ವರಕ್ಕೂ ಮಾತು ಜೋಡಿಸಿ ಹಾಡಿದರು. ಗೀತೆಯಿಂದ ಹೊರಟು ಮಾತನ್ನು ಕಳಚಿಕೊಂಡ ವಾದನವು ಮತ್ತೆ ಮಾತು ತೊಟ್ಟು ಬೇರೆ ಗೀತೆಯಾಯಿತು!

ಆದರೆ ಕಾನೂನಿನ ಕಣ್ಣಿಗೆ ಇದಾವುದೂ ಕಾಣಲಿಲ್ಲ. ಗೌರವಧನಕ್ಕೆ ಹಕ್ಕಿದ್ದುದು ಮೂಲ ಗೀತೆಯ ಸಂಯೋಜಕನಿಗೆ ಮತ್ತು ಸಾಹಿತ್ಯ ಬರೆದವರಿಗೆ; ಆಶುವಾಗಿ ಕಟ್ಟಿದ ವಾದನಕ್ಕೆ ಕರ್ತೃತ್ವವಿರಲಿಲ್ಲ. ಧ್ವನಿಮುದ್ರಣಕ್ಕೇ ಅಮೆರಿಕದ ಒಕ್ಕೂಟ ಕಾನೂನಿನ ರಕ್ಷಣೆ ದೊರೆತದ್ದು ೧೯೭೨ರಲ್ಲಿ. ಕಲಾವಿದರು ಇದಕ್ಕೆ ತಮ್ಮದೇ ಉಪಾಯವೊಂದನ್ನು ಕಂಡುಕೊಂಡರು. ಹಳೆಯ ಗೀತೆಗಳ ಸ್ವರಮೇಳದ ನಡೆಯನ್ನು ಹಾಗೆಯೇ ಇಟ್ಟುಕೊಂಡು ಮೇಲೆ ಹೊಸ ಧಾಟಿಯನ್ನು ಹೊಂದಿಸಿ ಹೊಸ ಹೆಸರು ಕೊಡುವುದು ಆ ಉಪಾಯ. ನಮ್ಮಲ್ಲಿ ಒಂದು ಮಟ್ಟಿಗೆ ಹಲವು ಹಾಡು ಹೊಂದಿಸುವುದು ರೂಢಿಯಾದರೆ ಅಲ್ಲಿ ಮಟ್ಟನ್ನೇ ಬದಲಿಸಿ ಅದರ ತಳಪಾಯವನ್ನು ಉಳಿಸಿಕೊಳ್ಳಲಾಯಿತು.

ಹಾಕಿನ್ಸ್ ಅವರ ನಾದ ತುಂಬಿದ್ದು, ಭಾರವಾದದ್ದು. ಅದಕ್ಕೆ ಸಂಪೂರ್ಣ ಭಿನ್ನವಾದ ಹಗುರ ನಾದವನ್ನು ತಂದವರು ಲೆಸ್ಟರ್ ಯಂಗ್ (೧೯೦೯-೧೯೫೯). ಮಿಸಿಸಿಪಿ ರಾಜ್ಯದ ವುಡ್‌ವಿಲ್‌ನಲ್ಲಿ ಜನಿಸಿ ಮನೆತನದ ವಾದ್ಯಮೇಳದಲ್ಲಿಯೇ ಕಲಿತ ಯಂಗ್ ೧೯೩೬ರಲ್ಲಿ ಷಿಕಾಗೋ ನಗರದಲ್ಲಿ ತಮ್ಮ ಮೊದಲ ಧ್ವನಿಮುದ್ರಣದ ಸಂದರ್ಭದಲ್ಲಿ ‘ಶೂ ಶೈನ್ ಬಾಯ್’ ಎಂಬ ಗೀತೆಯನ್ನು ನುಡಿಸಿದರು. ಅದರ ಎರಡು ಪಾಠಗಳು ಉಳಿದುಬಂದಿವೆ. ಒಂದೇ ದಿನ, ಒಂದೇ ಕೋಣೆಯಲ್ಲಿ, ಒಬ್ಬನೇ ಕಲಾವಿದ ಒಂದೇ ಗೀತೆಯನ್ನು ಎರಡು ಸಲ ನಿರೂಪಿಸಿದ ದಾಖಲೆ ಜಾನಪದ ವಿದ್ವಾಂಸನ ಪಾಲಿಗೆ ನಿಧಿಯಿದ್ದಂತೆ. ಸಂಗೀತಶಾಸ್ತ್ರಜ್ಞ ಲಾರೆನ್ಸ್ ಗುಶೀ ಅವರು ೧೯೭೭ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಈ ಎರಡು ಪಾಠಗಳನ್ನು ಇದಿರುಬದಿರಿಟ್ಟು, ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಮಹಾಕಾವ್ಯ ಗಾಯಕರ ಅಧ್ಯಯನದಿಂದ ರೂಪಿಸಿದ ಸೂತ್ರ ಸಿದ್ಧಾಂತದ ಬೆಳಕಿನಲ್ಲಿ ಪರಿಶೀಲಿಸಿದರು. ಎರಡೂ ಪಾಠಗಳಲ್ಲಿ ಕೆಲವು ನುಡಿಗಟ್ಟುಗಳು ಮರಳಿ ಬರುತ್ತವೆ. ಆದರೆ ಅವು ಕೂಡಿಕೊಳ್ಳುವ ಬಗೆ ಬೇರೆಯಾಗಿದೆ. ಕಲಾವಿದನ ನೆನಪಿನಲ್ಲಿರುವುದು ಸಿದ್ಧ ಕೃತಿಯಲ್ಲ, ಕೃತಿಯನ್ನು ಕಟ್ಟಿಕೊಳ್ಳಲು ಬೇಕಾದ ಸಾಮಗ್ರಿ ಎಂಬ ಲಾರ್ಡ್ ಅವರ ನಿಲುವಿಗೆ ಇದು ವಾದ್ಯಸಂಗೀತದಿಂದ ದೊರೆತ ಬಲವಾದ ಸಮರ್ಥನೆ. ಆಲ್ಟೊ ವಾದಕ ಚಾರ್ಲಿ ಪಾರ್ಕರ್ ಅವರ ವಾದನದಲ್ಲಿ ಸುಮಾರು ನೂರು ಇಂತಹ ನುಡಿಗಟ್ಟುಗಳನ್ನು ಥಾಮಸ್ ಓವೆನ್ಸ್ ಅವರು ೧೯೭೪ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಗುರುತಿಸಿದ್ದರು.

ಗೀತೆಯ ಸಾಹಿತ್ಯ ತಿಳಿಯದೆ ಅದರ ಧಾಟಿಯನ್ನು ನುಡಿಸಬಾರದು ಎಂಬುದು ಯಂಗ್ ಅವರ ನಿಲುವಾಗಿತ್ತು. ಅವರ ಕೊನೆಗಾಲದ ಮುದ್ರಿಕೆಗಳು, ವಿಶೇಷವಾಗಿ ೧೯೫೬ರ ಜನವರಿಯಲ್ಲಿ ಪಿಯಾನೋವಾದಕ ಟೆಡ್ಡಿ ವಿಲ್ಸನ್ ಅವರೊಡನೆ ಮುದ್ರಿಸಿದ ‘ಪ್ರೆಸ್ ಅಂಡ್ ಟೆಡ್ಡಿ’, ಈ ನಿಲುವಿನ ನಿದರ್ಶನಗಳು. ಸೈನ್ಯದಲ್ಲಿ ವಿಚಾರಣೆಗೊಳಗಾಗಿ ಸೆರೆವಾಸ ಅನುಭವಿಸಿದ ಬಳಿಕ ಯಂಗ್ ಅವರ ವಾದನ ಕುಗ್ಗಿತೆಂದು ಹೇಳುವ ವಿಮರ್ಶಕರಿದ್ದಾರೆ. ಈ ಮುದ್ರಿಕೆಯನ್ನು ತಾಳ್ಮೆಯಿಂದ ಕೇಳಿದವರು ಆ ಮಾತನ್ನು ಪೂರ್ತಿಯಾಗಿ ಒಪ್ಪಲಾರರು.

ಸ್ಯಾಕ್ಸೋಫೋನ್ ಕೊಲೊಸಸ್

ಕೊಲಂಬಿಯಾ ಸಂಸ್ಥೆಯು ೧೯೪೮ರಲ್ಲಿ ಬಿಡುಗಡೆ ಮಾಡಿದ ಲಾಂಗ್ ಪ್ಲೇ ಮುದ್ರಿಕೆಯು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಸಂಗೀತವನ್ನು ಹಿಡಿಯಬಲ್ಲದಾಯಿತು. ಮೂರು ನಿಮಿಷದ ಕಟ್ಟು ಕಳಚಿ, ಕಲಾವಿದನು ರಾತ್ರಿಯ ಕಛೇರಿಯಲ್ಲಿ ನುಡಿಸುವಷ್ಟೇ ದೀರ್ಘವಾಗಿ ಮುದ್ರಣಕೋಣೆಯಲ್ಲಿಯೂ ನುಡಿಸುವುದು ಸಾಧ್ಯವಾಯಿತು. ನಾಲ್ಕೈದು ಕೃತಿಗಳನ್ನು ಒಂದು ಹೊದಿಕೆಯೊಳಗೆ ಸೇರಿಸಿ, ಒಂದು ಹೆಸರಿಟ್ಟು, ಹಿಂಬದಿಯಲ್ಲಿ ಟಿಪ್ಪಣಿ ಮುದ್ರಿಸಿ ಹೊರತರುವ ‘ಆಲ್ಬಂ’ ಎಂಬ ರೂಪ ಗ್ರಂಥಕ್ಕೆ ಸಮಾನವಾದ ಘನತೆ ಪಡೆದದ್ದು ಹೀಗೆ.

೧೯೫೬ರ ಜೂನ್ ೨೨ರಂದು ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್‌ನಲ್ಲಿದ್ದ ರೂಡಿ ವ್ಯಾನ್ ಗೆಲ್ಡರ್ ಅವರ ಮುದ್ರಣಕೋಣೆಯಲ್ಲಿ ‘ಸ್ಯಾಕ್ಸೋಫೋನ್ ಕೊಲೊಸಸ್’ ಮುದ್ರಿತವಾಯಿತು. ಮುದ್ರಣಕೋಣೆಯೆಂದರೆ ವ್ಯಾನ್ ಗೆಲ್ಡರ್ ಅವರ ತಂದೆತಾಯಿಯರ ಮನೆಯ ನಡುಮನೆ. ಅವರು ವೃತ್ತಿಯಿಂದ ಕಣ್ಣಿನ ದೃಷ್ಟಿ ಪರೀಕ್ಷಿಸಿ ಕನ್ನಡಕ ಕೊಡುವವರಾಗಿದ್ದರು. ಪ್ರಕಟಿಸಿದ ಪ್ರೆಸ್ಟೀಜ್ ಸಂಸ್ಥೆಗೆ ಪೂರ್ವಾಭ್ಯಾಸಕ್ಕೆ ಹಣ ಕೊಡುವ ರೂಢಿಯಿರಲಿಲ್ಲ. ಜಿಪುಣತನದಿಂದ ಬಂದ ಈ ಪದ್ಧತಿಯಿಂದಾಗಿಯೇ ಆಶುರಚನೆಯ ತಾಜಾತನ ಉಳಿಯಿತೆನ್ನುವುದು ವಿಚಿತ್ರವಾದರೂ ನಿಜ. ರಾಲಿನ್ಸ್ ಅವರಿಗೆ ಆಗ ಇಪ್ಪತ್ತೈದು ವರ್ಷ. ಪಿಯಾನೋಕ್ಕೆ ಟಾಮಿ ಫ್ಲಾನಗನ್, ಬಾಸ್‌ಗೆ ಡಗ್ ವಾಟ್ಕಿನ್ಸ್, ಡ್ರಮ್‌ಗೆ ಮ್ಯಾಕ್ಸ್ ರೋಚ್ ಇದ್ದರು. ಮುದ್ರಣ ನಡೆದ ನಾಲ್ಕೇ ದಿನಗಳಲ್ಲಿ, ಜೂನ್ ೨೬ರಂದು, ರೋಚ್ ಮತ್ತು ರಾಲಿನ್ಸ್ ಇಬ್ಬರೂ ಸೇರಿದ್ದ ವಾದ್ಯಮೇಳದ ತುತ್ತೂರಿ ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಪಿಯಾನೋವಾದಕ ರಿಚೀ ಪವೆಲ್ ಕಾರು ಅಪಘಾತದಲ್ಲಿ ಮಡಿದರು. ಮುದ್ರಿಕೆಯಲ್ಲಿ ಕೇಳುವ ಹರ್ಷ ಆ ಮೇಳದ ಕೊನೆಯ ದಿನಗಳದ್ದು.

ಮುದ್ರಿಕೆಯಲ್ಲಿರುವ ಐದು ಕೃತಿಗಳಲ್ಲಿ ಮೊದಲನೆಯದು ‘ಸೇಂಟ್ ಥಾಮಸ್’. ರಾಲಿನ್ಸ್ ಹುಟ್ಟಿದ್ದು ೧೯೩೦ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆತಾಯಿಯರು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ಬಂದವರು. ಡೆನ್ಮಾರ್ಕಿನ ವಸಾಹತಾಗಿದ್ದ ಆ ದ್ವೀಪಗಳನ್ನು ಅಮೆರಿಕ ಸರ್ಕಾರ ಎರಡೂವರೆ ಕೋಟಿ ಡಾಲರಿಗೆ ಕೊಂಡು ೧೯೧೭ರಲ್ಲಿ ತನ್ನದಾಗಿಸಿಕೊಂಡಿತು. ಅವುಗಳಲ್ಲೊಂದರ ಹೆಸರೇ ಸೇಂಟ್ ಥಾಮಸ್. ಮಗುವಾಗಿದ್ದಾಗ ತಾಯಿ ಹಾಡುತ್ತಿದ್ದ ದ್ವೀಪದ ಹಾಡೊಂದೇ ಈ ಕೃತಿಯ ಧಾಟಿಯೆಂದು ರಾಲಿನ್ಸ್ ಹೇಳಿದ್ದಾರೆ. ವಲಸೆ ಬಂದ ತಾಯಿ, ಊರು ಬಿಟ್ಟ ಹಾಡು, ಊರನ್ನು ಕಾಣದ ಮಗ: ಜಾನಪದದಲ್ಲಿ ಪದೇಪದೇ ಎದುರಾಗುವ ಸನ್ನಿವೇಶವಿದು. ರೋಚ್ ಅವರ ಡ್ರಮ್‌ನಲ್ಲಿ ಕ್ಯಾಲಿಪ್ಸೊ ನಡೆ ಮೊದಲು ಕೇಳಿಬರುತ್ತದೆ. ಆ ಮೇಲೆ ಧಾಟಿ. ಧಾಟಿ ಮುಗಿದೊಡನೆ ರಾಲಿನ್ಸ್ ಎರಡೇ ಸ್ವರಗಳ ಚಿಕ್ಕ ತುಣುಕೊಂದನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಹಿಂದೆ ಮುಂದೆ ಎಳೆದು, ತಾಳದಿಂದ ತಪ್ಪಿಸಿ, ಮತ್ತೆ ತಾಳಕ್ಕೆ ತಂದು, ಮಗುವಿನೊಡನೆ ಆಟವಾಡುವವರಂತೆ ಬೆಳೆಸುತ್ತಾರೆ. ಡ್ರಮ್‌ನ ಒಂಟಿ ವಾದನದ ಬಳಿಕ ದ್ವೀಪದ ನಡೆ ಮರೆಯಾಗಿ ನ್ಯೂಯಾರ್ಕಿನ ಜಾಝ್ ನಡೆ ಬರುತ್ತದೆ. ಕೊನೆಯಲ್ಲಿ ಮತ್ತೆ ದ್ವೀಪದ ಹಾಡು.

ಮುದ್ರಿಕೆಯ ಮೇಲೆ ಈ ಕೃತಿಯ ಕರ್ತೃವೆಂದು ಅಚ್ಚಾಗಿರುವುದು ರಾಲಿನ್ಸ್ ಅವರ ಹೆಸರು. ಇದೇ ಧಾಟಿಯನ್ನು ಬ್ರೂಕ್ಲಿನ್‌ನ ಪಿಯಾನೋವಾದಕ ರ್‍ಯಾಂಡಿ ವೆಸ್ಟನ್ ಅವರು ಹಿಂದಿನ ವರ್ಷವೇ, ೧೯೫೫ರಲ್ಲಿ, ‘ಫೈರ್ ಡೌನ್ ದೇರ್’ ಎಂಬ ಹೆಸರಿನಲ್ಲಿ ಮುದ್ರಿಸಿದ್ದರು. ಯಾರದೋ ಬಾಯಿಂದ ಯಾರದೋ ಬಾಯಿಗೆ ಸಾಗುತ್ತಿದ್ದ ಹಾಡು ಮುದ್ರಿಕೆಗೆ ಏರಿದೊಡನೆ ಅದಕ್ಕೆ ಒಬ್ಬ ಒಡೆಯ ಬೇಕಾಗುತ್ತಾನೆ. ಅಚ್ಚಿನ ಪದ್ಧತಿ ಖಾಲಿ ಜಾಗವನ್ನು ಸಹಿಸುವುದಿಲ್ಲ. ಹಾಕಿನ್ಸ್ ಅವರ ವಿಷಯದಲ್ಲಿ ಕಟ್ಟಿದವನಿಗೆ ಒಡೆತನ ದೊರೆಯಲಿಲ್ಲ. ಇಲ್ಲಿ ಸಮುದಾಯದ ಹಾಡಿಗೆ ಒಬ್ಬನ ಒಡೆತನ ಬಂತು. ಎರಡೂ ಒಂದೇ ನ್ಯೂನತೆಯ ಎರಡು ಮುಖಗಳು. ರಾಲಿನ್ಸ್ ಧಾಟಿಯ ಮೂಲವನ್ನು ಮರೆಮಾಚಲಿಲ್ಲವೆಂಬುದನ್ನು, ಕೃತಿಗೆ ದ್ವೀಪದ ಹೆಸರನ್ನೇ ಇಟ್ಟರೆಂಬುದನ್ನು ಇಲ್ಲಿ ಹೇಳಬೇಕು. ಶುದ್ಧ ಜಾನಪದವಾದಿಗಳು ಇಂತಹ ಪ್ರಕರಣಗಳಲ್ಲಿ ಕಲಾವಿದನನ್ನು ದೂರುವುದುಂಟು. ದೂರಬೇಕಾದದ್ದು ಪದ್ಧತಿಯನ್ನು.

ಎರಡನೆಯ ಮಗ್ಗುಲಿನ ಮೊದಲ ಕೃತಿ ‘ಮೋರಿಟಾಟ್’. ಇದು ಬರ್ಟೋಲ್ಟ್ ಬ್ರೆಕ್ಟ್ ಮತ್ತು ಕುರ್ಟ್ ವೈಲ್ ೧೯೨೮ರಲ್ಲಿ ಬರ್ಲಿನ್ನಿನಲ್ಲಿ ರಂಗಕ್ಕೆ ತಂದ ‘ತ್ರೀ ಪೆನ್ನಿ ಆಪೆರಾ’ ನಾಟಕದ ಹಾಡು. ‘ಮೋರಿಟಾಟ್’ ಎನ್ನುವುದು ಮೂಲತಃ ಹಾಡಿನ ಹೆಸರಲ್ಲ, ಒಂದು ಜಾನಪದ ಪ್ರಕಾರದ ಹೆಸರು. ಜರ್ಮನಿಯ ಸಂತೆ ಜಾತ್ರೆಗಳಲ್ಲಿ ಬೀದಿಹಾಡುಗಾರರು ಚಿತ್ರಗಳ ಹಲಗೆಯನ್ನು ನಿಲ್ಲಿಸಿ, ಕೋಲಿನಿಂದ ಒಂದೊಂದೇ ಚಿತ್ರವನ್ನು ತೋರಿಸುತ್ತ, ಕೊಲೆ ಸುಲಿಗೆಗಳ ಕಥೆಯನ್ನು ಹಾಡಿ ಕಾಸು ಸಂಪಾದಿಸುತ್ತಿದ್ದರು. ಕೊಲೆಯ ಲಾವಣಿಯೆಂದರೆ ಸರಿಹೋದೀತು. ಆ ಪ್ರಕಾರದ ಧಾಟಿಯನ್ನು ಅನುಕರಿಸಿ ವೈಲ್ ಹೊಸದಾಗಿ ಕಟ್ಟಿದ ಹಾಡು ಅಮೆರಿಕದಲ್ಲಿ ಮಾರ್ಕ್ ಬ್ಲಿಟ್ಸ್‌ಸ್ಟೈನ್ ಅವರ ಇಂಗ್ಲಿಷ್ ರೂಪದ ಮೂಲಕ ಮತ್ತು ೧೯೫೫ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಮುದ್ರಿಕೆಯ ಮೂಲಕ ಮನೆಮಾತಾಗಿತ್ತು. ರಾಲಿನ್ಸ್ ಅದನ್ನು ಹಾಸ್ಯ ಬೆರೆತ ನಿಧಾನ ನಡೆಯಲ್ಲಿ ನುಡಿಸುತ್ತಾರೆ. ಹೀಗೆ ಒಂದೇ ಮುದ್ರಿಕೆಯ ಒಂದು ಮಗ್ಗುಲು ಕೆರಿಬಿಯನ್ ದ್ವೀಪದ ಹಾಡಿನಿಂದ, ಇನ್ನೊಂದು ಮಗ್ಗುಲು ಜರ್ಮನಿಯ ಬೀದಿ ಲಾವಣಿಯ ನೆರಳಿನಿಂದ ಆರಂಭವಾಗುತ್ತದೆ.

‘ಯು ಡೋಂಟ್ ನೋ ವಾಟ್ ಲವ್ ಈಸ್’ ಎಂಬ ವಿಳಂಬ ಗತಿಯ ಗೀತೆಯಲ್ಲಿ ಹಾಕಿನ್ಸ್ ಅವರ ಪ್ರಭಾವ ನಿಚ್ಚಳವಾಗಿದೆ. ‘ಸ್ಟ್ರೋಡ್ ರೋಡ್’ ದ್ರುತಗತಿಯದು. ಇವೆರಡನ್ನೂ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ವಿದ್ವಾಂಸ ಮತ್ತು ಕಲಾವಿದ

ಕೊನೆಯ ಕೃತಿ ‘ಬ್ಲೂ ಸೆವೆನ್’ ಹನ್ನೊಂದು ನಿಮಿಷಕ್ಕೂ ದೀರ್ಘವಾದುದು. ವಾಟ್ಕಿನ್ಸ್ ಅವರ ಬಾಸ್ ಒಂಟಿಯಾಗಿ ನಡೆಯುತ್ತ ಬರುತ್ತದೆ. ಅದರ ಮೇಲೆ ಯಾವ ಶ್ರುತಿಗೆ ಸೇರಿದ್ದೆಂದು ತಟ್ಟನೆ ಹೇಳಲಾಗದ ಚಿಕ್ಕ ಧಾಟಿಯೊಂದನ್ನು ರಾಲಿನ್ಸ್ ಇಡುತ್ತಾರೆ. ಚೌಕಟ್ಟು ಹನ್ನೆರಡು ಬಾರ್‌ಗಳ ಬ್ಲೂಸ್, ಅಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯ ದುಡಿಮೆಗಾರರ ಹಾಡಿನದೇ ಚೌಕಟ್ಟು. ಸಂಯೋಜಕರೂ ವಿಮರ್ಶಕರೂ ಆಗಿದ್ದ ಗುಂಥರ್ ಶುಲ್ಲರ್ ಅವರು ೧೯೫೮ರ ನವೆಂಬರ್‌ನಲ್ಲಿ ಹೊರಬಂದ ‘ದಿ ಜಾಝ್ ರಿವ್ಯೂ’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಈ ಒಂದು ಕೃತಿಯನ್ನು ಕುರಿತು ದೀರ್ಘ ವಿಶ್ಲೇಷಣೆ ಪ್ರಕಟಿಸಿದರು. ಆರಂಭದ ಧಾಟಿಯ ತುಣುಕುಗಳೇ ವಾದನದ ಉದ್ದಕ್ಕೂ ರೂಪಾಂತರಗೊಳ್ಳುತ್ತ ಇಡೀ ರಚನೆಗೆ ಏಕತೆ ತಂದಿವೆ, ಬಿಡಿ ನುಡಿಗಟ್ಟುಗಳ ಸರಮಾಲೆಯಾಗಿದ್ದ ಆಶುವಾದನ ಇಲ್ಲಿ ಸಂಯೋಜನೆಯ ಮಟ್ಟಕ್ಕೆ ಏರಿದೆ ಎಂಬುದು ಶುಲ್ಲರ್ ಅವರ ವಾದದ ತಿರುಳು. ಜಾಝ್ ವಿಮರ್ಶೆಯ ಇತಿಹಾಸದಲ್ಲಿ ಅದು ಮೈಲಿಗಲ್ಲೆನಿಸಿತು.

ವಾದ ಸಮರ್ಥವಾದದ್ದೇ. ಆದರೆ ಅದರ ಅಡಿಯಲ್ಲಿರುವ ಅಳತೆಗೋಲನ್ನು ಗಮನಿಸಬೇಕು. ಆಶುರಚನೆಯ ಹಿರಿಮೆಯನ್ನು ಲಿಖಿತ ಸಂಯೋಜನೆಯ ಗುಣಗಳಿಂದ ಅಳೆಯುವುದು ಮೌಖಿಕ ಕಾವ್ಯವನ್ನು ಲಿಖಿತ ಕಾವ್ಯದ ಲಕ್ಷಣಗಳಿಂದ ಸಮರ್ಥಿಸುವ ಹಳೆಯ ಕ್ರಮಕ್ಕಿಂತ ಹೆಚ್ಚು ಭಿನ್ನವಲ್ಲ. ಆಶುವಾದನದ ಏಕತೆ ಆ ಒಂದು ಕೃತಿಯೊಳಗೆ ಮಾತ್ರ ಇರುವುದಿಲ್ಲ. ಕಲಾವಿದ, ಜೊತೆವಾದಕರು, ಕೇಳುಗರು, ಹಿಂದಿನ ನಿರೂಪಣೆಗಳು ಇವೆಲ್ಲದರ ನಡುವಣ ಸಂಬಂಧದಲ್ಲಿಯೂ ಅದು ನೆಲೆಸಿರುತ್ತದೆ.

ಇದಕ್ಕಿಂತ ಮಹತ್ವದ ಸಂಗತಿಯೆಂದರೆ ಆ ಲೇಖನ ಕಲಾವಿದರ ಮೇಲೆ ಉಂಟುಮಾಡಿದ ಪರಿಣಾಮ. ತಾವು ಆ ಕ್ಷಣದಲ್ಲಿ ಅರಿವಿಲ್ಲದೆ ಮಾಡಿದ್ದನ್ನು ಅಚ್ಚಿನಲ್ಲಿ ಬಿಡಿಸಿಟ್ಟಿರುವುದನ್ನು ಓದಿದ ಮೇಲೆ ನುಡಿಸುವಾಗ ತಮ್ಮನ್ನೇ ತಾವು ಗಮನಿಸಿಕೊಳ್ಳುವಂತಾಯಿತೆಂದೂ, ತಮ್ಮನ್ನು ಕುರಿತ ಬರಹಗಳನ್ನು ಮುಂದೆ ಓದಬಾರದೆಂದು ನಿರ್ಧರಿಸಿದ್ದಾಗಿಯೂ ರಾಲಿನ್ಸ್ ಹೇಳಿಕೊಂಡಿದ್ದಾರೆ. ಕ್ಷೇತ್ರಕಾರ್ಯದಲ್ಲಿ ತೊಡಗಿದ ಜಾನಪದ ಸಂಶೋಧಕರೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕಾದ ಪ್ರಸಂಗವಿದು. ವಿಶ್ಲೇಷಣೆ ತಪ್ಪಾಗಿದ್ದರೆ ಕಲಾವಿದನು ನಕ್ಕು ಸುಮ್ಮನಾಗಬಲ್ಲನು. ಸರಿಯಾಗಿದ್ದಾಗಲೇ ಅದು ಅವನ ಕೈ ಹಿಡಿದು ನಿಲ್ಲಿಸುವ ಅಪಾಯ ಹೆಚ್ಚು. ಹೊಗಳಿಕೆಯೂ ಹಸ್ತಕ್ಷೇಪವೇ.

ಕೀರ್ತಿಯ ಶಿಖರದಲ್ಲಿದ್ದ ರಾಲಿನ್ಸ್ ೧೯೫೯ರಲ್ಲಿ ಕಛೇರಿ, ಮುದ್ರಣ ಎರಡನ್ನೂ ನಿಲ್ಲಿಸಿಬಿಟ್ಟರು. ತಮ್ಮ ವಾದನದ ಬಗೆಗಿನ ಅತೃಪ್ತಿ ಅದಕ್ಕೆ ಮುಖ್ಯ ಕಾರಣ. ಮನೆಯಲ್ಲಿ ಅಭ್ಯಾಸ ಮಾಡಿದರೆ ನೆರೆಯ ಗರ್ಭಿಣಿಗೆ ತೊಂದರೆಯಾದೀತೆಂದು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಕಾಲುದಾರಿಯ ಮೇಲೆ, ರೈಲು, ವಾಹನ, ಹಡಗುಗಳ ಸದ್ದಿನ ನಡುವೆ, ಎರಡು ವರ್ಷ ದಿನವೂ ಗಂಟೆಗಟ್ಟಲೆ ಏಕಾಂತವಾಗಿ ಅಭ್ಯಾಸ ಮಾಡಿದರು. ೧೯೬೧ರಲ್ಲಿ ಹಿಂದಿರುಗಿ ಮರುವರ್ಷ ಮುದ್ರಿಸಿದ ಆಲ್ಬಂಗೆ ‘ದಿ ಬ್ರಿಡ್ಜ್’ ಎಂದೇ ಹೆಸರು. ಹೊಸ ಶೈಲಿಯನ್ನು ನಿರೀಕ್ಷಿಸಿದ್ದ ಕೆಲವರಿಗೆ ಅದು ನಿರಾಸೆ ತಂದಿತಂತೆ! ೧೯೬೭-೬೮ರ ಸುಮಾರಿಗೆ ಅವರು ಭಾರತಕ್ಕೂ ಬಂದು ಮುಂಬಯಿಯ ಪೊವಾಯಿಯಲ್ಲಿರುವ ಸ್ವಾಮಿ ಚಿನ್ಮಯಾನಂದರ ಆಶ್ರಮದಲ್ಲಿ ಕೆಲವು ತಿಂಗಳು ಇದ್ದು ಯೋಗ, ವೇದಾಂತಗಳನ್ನು ಅಭ್ಯಸಿಸಿದರು.

ಹೊದಿಕೆಯ ಮೇಲಿನ ಮಾತು

ಅಜ್ಞಾತವಾಸಕ್ಕೆ ಮುನ್ನ ರಾಲಿನ್ಸ್ ಮುದ್ರಿಸಿದ ಆಲ್ಬಂಗಳಲ್ಲಿ ೧೯೫೮ರ ‘ಫ್ರೀಡಂ ಸೂಟ್’ ಬೇರೊಂದು ಕಾರಣಕ್ಕೆ ಉಲ್ಲೇಖನೀಯ. ಪಿಯಾನೋ ಇಲ್ಲದೆ, ಬಾಸ್ ವಾದಕ ಆಸ್ಕರ್ ಪೆಟಿಫೋರ್ಡ್ ಮತ್ತು ರೋಚ್ ಇಬ್ಬರನ್ನು ಮಾತ್ರ ಇಟ್ಟುಕೊಂಡು ನುಡಿಸಿದ ಶೀರ್ಷಿಕೆಯ ಕೃತಿ ಒಂದು ಮಗ್ಗುಲನ್ನು ಪೂರ್ತಿಯಾಗಿ ವ್ಯಾಪಿಸಿದೆ. ಅಮೆರಿಕದ ಮಾತು, ಹಾಸ್ಯ, ಸಂಗೀತಗಳೆಲ್ಲ ಕರಿಯರ ಸಂಸ್ಕೃತಿಯಲ್ಲಿ ಬೇರೂರಿರುವಾಗ ಆ ಜನರೇ ದಬ್ಬಾಳಿಕೆಗೆ ಗುರಿಯಾಗಿರುವ ವೈಪರೀತ್ಯವನ್ನು ಕುರಿತ ರಾಲಿನ್ಸ್ ಅವರ ಚಿಕ್ಕ ಹೇಳಿಕೆಯೊಂದು ಹೊದಿಕೆಯ ಮೇಲೆ ಅಚ್ಚಾಗಿತ್ತು. ಕೆಲವು ವರ್ಷಗಳ ಬಳಿಕ ಇದೇ ಸಂಗೀತ ಇನ್ನೊಂದು ಮಗ್ಗುಲಿನ ನಿರುಪದ್ರವಿ ಗೀತೆಯಾದ ‘ಶ್ಯಾಡೋ ವಾಲ್ಟ್ಸ್’ ಹೆಸರು ಹೊತ್ತು ಮರುಬಿಡುಗಡೆಯಾಯಿತು. ಸಂಗೀತದ ಒಂದು ಸ್ವರವೂ ಬದಲಾಗದೆ ಅದರ ಅರ್ಥವನ್ನು ಮಾತ್ರ ಬದಲಿಸಬಹುದೆಂಬುದಕ್ಕೆ ಇದು ನಿದರ್ಶನ.

ಹಾಡಿನ ಸಾಹಿತ್ಯವನ್ನು ಸಭೆಗೆ ಮೊದಲು ಹೇಳಿ ಬಳಿಕ ನುಡಿಸುತ್ತಿದ್ದ ಡೆಕ್ಸ್‌ಟರ್ ಗೋರ್ಡನ್ ಅವರ ‘ಗೋ’ (೧೯೬೨), ಬ್ರೆಜಿಲ್‌ನ ಸಾಂಬಾ ಮೂಲದ ಬೋಸಾ ನೋವಾವನ್ನು ಜಗತ್ತಿಗೆ ಮುಟ್ಟಿಸಿದ ಸ್ಟಾನ್ ಗೆಟ್ಸ್ ಅವರ ‘ಗೆಟ್ಸ್/ಜಿಲ್ಬರ್ಟೊ’ (೧೯೬೪) ಈ ಸಾಲಿಗೆ ಸೇರುತ್ತವೆ. ಎರಡನೆಯದರ ವ್ಯಾಪಾರದ ಯಶಸ್ಸು ಅಪಾರ. ಪ್ರಸ್ತುತ ವಿವೇಚನೆಗೆ ಅದು ಹೆಚ್ಚಿನದೇನನ್ನೂ ಸೇರಿಸುವುದಿಲ್ಲ.

ಧರ್ಮೋಪದೇಶದ ಧಾಟಿ

ಜಾನ್ ಕೋಲ್ಟ್ರೇನ್ (೧೯೨೬-೧೯೬೭) ಅವರ ತಾಯಿಯ ತಂದೆ ಮತ್ತು ತಂದೆಯ ತಂದೆ ಇಬ್ಬರೂ ಉತ್ತರ ಕೆರೊಲಿನಾದ ಕರಿಯರ ಮೆಥಡಿಸ್ಟ್ ಚರ್ಚಿನಲ್ಲಿ ಧರ್ಮೋಪದೇಶಕರಾಗಿದ್ದರು. ೧೯೫೯ರಲ್ಲಿ ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ನಲ್ಲಿ ಅವರು ಸ್ವರಮೇಳಗಳು ಕ್ಷಣಕ್ಷಣಕ್ಕೂ ದೂರದ ಶ್ರುತಿಗಳಿಗೆ ನೆಗೆಯುವ ಅತಿ ಕಠಿಣ ಚೌಕಟ್ಟನ್ನು ಹಾಕಿಕೊಂಡರು. ‘ಸ್ಯಾಕ್ಸೋಫೋನ್ ಕೊಲೊಸಸ್’ನಲ್ಲಿ ನಿರಾಯಾಸವಾಗಿ ನುಡಿಸಿದ್ದ ಟಾಮಿ ಫ್ಲಾನಗನ್ ಅವರೇ ಶೀರ್ಷಿಕೆಯ ಕೃತಿಯಲ್ಲಿ ತಡವರಿಸುವುದು 

ಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ೧೯೮೨ರಲ್ಲಿ ಫ್ಲಾನಗನ್ ತಮ್ಮದೇ ನಾಯಕತ್ವದಲ್ಲಿ ಆ ಕೃತಿಯನ್ನು ಮತ್ತೆ ನುಡಿಸಿ ಮುದ್ರಿಸಿದರು. ತಪ್ಪನ್ನು ಶಾಶ್ವತವಾಗಿಸುವ ಮುದ್ರಿಕೆಗೆ ಕಲಾವಿದ ಕೊಟ್ಟ ಉತ್ತರವದು.

ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಂ’ ೧೯೬೪ರ ಡಿಸೆಂಬರ್ ೯ರಂದು ಮುದ್ರಿತವಾಯಿತು. ಮೆಕಾಯ್ ಟೈನರ್, ಜಿಮ್ಮಿ ಗ್ಯಾರಿಸನ್, ಎಲ್ವಿನ್ ಜೋನ್ಸ್ ಜೊತೆವಾದಕರು. ನಾಲ್ಕು ಭಾಗಗಳ ಈ ಕೃತಿಯ ಮೊದಲ ಭಾಗದಲ್ಲಿ ನಾಲ್ಕು ಸ್ವರಗಳ ಒಂದು ನುಡಿಗಟ್ಟನ್ನು ಕೋಲ್ಟ್ರೇನ್ ಹನ್ನೆರಡೂ ಶ್ರುತಿಗಳಲ್ಲಿ ನುಡಿಸುತ್ತಾರೆ. ಆ ಬಳಿಕವೇ ಅದೇ ನುಡಿಗಟ್ಟು ಕೃತಿಯ ಹೆಸರಾಗಿ ಕಂಠದಲ್ಲಿ ಜಪದಂತೆ ಕೇಳಿಬರುತ್ತದೆ. ಕೊನೆಯ ಭಾಗವಾದ ‘ಸಾಮ್’ನ ರಹಸ್ಯವಂತೂ ಬಹಳ ಕಾಲ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಹೊದಿಕೆಯ ಒಳಗೆ ಅಚ್ಚಾಗಿದ್ದ ತಮ್ಮ ಪ್ರಾರ್ಥನಾ ಪದ್ಯವನ್ನು ಕೋಲ್ಟ್ರೇನ್ ಇಲ್ಲಿ ಅಕ್ಷರಕ್ಕೊಂದು ಸ್ವರದಂತೆ ವಾದ್ಯದಲ್ಲಿ ಪಠಿಸುತ್ತಾರೆಂಬುದನ್ನು ಲೂಯಿಸ್ ಪೋರ್ಟರ್ ಅವರು ೧೯೮೦ರ ದಶಕದಲ್ಲಿ ವಿವರವಾಗಿ ತೋರಿಸಿಕೊಟ್ಟರು. ಪಠಣದ ಸ್ವರ ಒಂದೇ ಎತ್ತರದಲ್ಲಿ ನಿಂತು ಸಾಲಿನ ಕೊನೆಗೆ ಇಳಿಯುವ ಬಗೆ ಕರಿಯರ ಚರ್ಚಿನ ಉಪದೇಶಕರು ಮಾತಿನಿಂದ ಹಾಡಿಗೆ ಜಾರುವ ಬಗೆಯನ್ನು ನೆನಪಿಸುತ್ತದೆ. ಬ್ರೂಸ್ ರೋಸೆನ್‌ಬರ್ಗ್ ಎಂಬ ಜಾನಪದ ವಿದ್ವಾಂಸರು ೧೯೭೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಹಾಡುಪದೇಶಗಳನ್ನು ಪ್ಯಾರಿ ಮತ್ತು ಲಾರ್ಡ್ ಅವರ ವಿಧಾನದಿಂದಲೇ ಅಧ್ಯಯನ ಮಾಡಿದ್ದರು. ಮಾತಿಲ್ಲದ ವಾದನವನ್ನು ‘ಕಥೆ’ ಎನ್ನುವ ರೂಢಿ ಇಲ್ಲಿ ಅಕ್ಷರಶಃ ನಿಜವಾಗಿದೆ.

ಈ ಮುದ್ರಿಕೆಯ ಮುಂದಿನ ಕಥೆ ಇನ್ನೂ ಕುತೂಹಲಕರ. ೧೯೬೫ರಲ್ಲಿ ಕೋಲ್ಟ್ರೇನ್ ಅವರ ವಾದನವನ್ನು ಕೇಳಿ ಆವೇಶಗೊಂಡ ದಂಪತಿಗಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ಆರಾಧನಾ ಸಮುದಾಯ ೧೯೮೨ರಲ್ಲಿ ಆಫ್ರಿಕನ್ ಆರ್ಥಡಾಕ್ಸ್ ಚರ್ಚಿಗೆ ಸೇರಿತು; ಕೋಲ್ಟ್ರೇನ್ ಅಲ್ಲಿ ಸಂತರೆಂದು ಮನ್ನಣೆ ಪಡೆದರು. ‘ಎ ಲವ್ ಸುಪ್ರೀಂ’ ಆ ಚರ್ಚಿನ ಪೂಜಾವಿಧಿಯ ಭಾಗವಾಯಿತು. ಚರ್ಚಿನ ಉಪದೇಶದಿಂದ ಹೊರಟದ್ದು ವಾದ್ಯದ ಮೂಲಕ ಮುದ್ರಿಕೆಗೆ ಬಂದು, ಮುದ್ರಿಕೆಯಿಂದ ಮತ್ತೆ ಚರ್ಚಿಗೆ ಮರಳಿತು. ಇಲ್ಲಿಯೂ ಒಡೆತನದ ಪ್ರಶ್ನೆ ತಪ್ಪಲಿಲ್ಲ. ಪತಿಯ ಹೆಸರಿನ ಬಳಕೆಯನ್ನು ಆಕ್ಷೇಪಿಸಿ ಆಲಿಸ್ ಕೋಲ್ಟ್ರೇನ್ ೧೯೮೧ರಲ್ಲಿ ದಾವೆ ಹೂಡಿದ್ದರು.

ಮುದ್ರಿಕೆಯಿಂದ ಕಲಿಯುವವರು

ಇಂದು ಜಾಝ್ ಕಲಿಯುವ ವಿದ್ಯಾರ್ಥಿಗಳು ಈ ಮುದ್ರಿಕೆಗಳ ವಾದನವನ್ನು ಸ್ವರ ಬಿಡದೆ ಬರೆದುಕೊಂಡು ಸಾಧನೆ ಮಾಡುತ್ತಾರೆ. ಒಂದು ದಿನ ಮಧ್ಯಾಹ್ನ ಒಬ್ಬ ಯುವಕ ತಾಯಿಯ ಹಾಡನ್ನು ನೆನೆದು ಆಶುವಾಗಿ ನುಡಿಸಿದ್ದು ಈಗ ಲಿಪಿಯಲ್ಲಿ ನಿಂತ ಪಾಠವಾಗಿದೆ. ಇದನ್ನು ಪರಂಪರೆಯ ಸಾವು ಎನ್ನುವವರಿದ್ದಾರೆ. ಆದರೆ ಪಾಲ್ ಬರ್ಲಿನರ್ ಅವರು ೧೯೯೪ರ ತಮ್ಮ ಬೃಹತ್ ಅಧ್ಯಯನದಲ್ಲಿ ಕಲಾವಿದರ ಮಾತುಗಳಿಂದಲೇ ನಿರೂಪಿಸಿರುವಂತೆ, ಹಿರಿಯರ ವಾದನವನ್ನು ಮುದ್ರಿಕೆಯಿಂದ ಕಿವಿಯಾರೆ ಕಲಿಯುವುದು ಜಾಝ್‌ನಲ್ಲಿ ಬಹುಕಾಲದಿಂದ ನಡೆದುಬಂದ ಗುರುಕುಲಕ್ರಮವೇ. ಕಲಿತದ್ದನ್ನು ಹಾಗೆಯೇ ಒಪ್ಪಿಸಿದವನಿಗೆ ಮಾತ್ರ ಅಲ್ಲಿ ಮನ್ನಣೆಯಿಲ್ಲ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ೨೦೧೬ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ‘ಸ್ಯಾಕ್ಸೋಫೋನ್ ಕೊಲೊಸಸ್’ ಅನ್ನು ಸೇರಿಸಿತು. ರಾಲಿನ್ಸ್ ಅವರಿಗೆ ತಮ್ಮ ಮುದ್ರಿಕೆಗಳನ್ನು ತಾವೇ ಕೇಳುವುದೆಂದರೆ ಹಿಂಸೆ. ‘ಸೇಂಟ್ ಥಾಮಸ್’ ಅನ್ನು ಅವರು ದಶಕಗಳ ಕಾಲ ಕಛೇರಿಗಳಲ್ಲಿ ನುಡಿಸಿದರು. ೧೯೫೬ರ ಪಾಠವನ್ನು ಪುನರಾವರ್ತಿಸುವ ಗೋಜಿಗೆ ಹೋಗಲಿಲ್ಲ. ೨೦೧೨ರ ಬಳಿಕ ಶ್ವಾಸಕೋಶದ ಕಾಯಿಲೆಯಿಂದ ವಾದನ ನಿಂತುಹೋಯಿತು. ಅವರ ಅಭ್ಯಾಸದ ಧ್ವನಿಸುರುಳಿಗಳು, ಕಾಗದಪತ್ರಗಳು ಮತ್ತು ಸೇತುವೆಯ ದಿನಗಳಿಂದ ಬರೆದಿಡುತ್ತ ಬಂದ ಟಿಪ್ಪಣಿ ಪುಸ್ತಕಗಳು ೨೦೧೭ರಲ್ಲಿ ಅವರು ಹುಟ್ಟಿದ ಹಾರ್ಲೆಮ್‌ನಲ್ಲಿಯೇ ಇರುವ ಶೋಂಬರ್ಗ್ ಸಂಶೋಧನ ಕೇಂದ್ರಕ್ಕೆ ಸೇರಿದವು. ಟಿಪ್ಪಣಿಗಳ ಆಯ್ದ ಭಾಗ ೨೦೨೪ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿದೆ. ತುಟಿಯ ಹಿಡಿತ, ಬೆರಳ ಚಲನೆ, ಉಸಿರಾಟ, ಊಟೋಪಚಾರ ಇವನ್ನು ಕುರಿತು ಕಲಾವಿದರು ತಮಗಾಗಿ ಮಾತ್ರ ಬರೆದುಕೊಂಡ ಮಾತುಗಳು ಅದರಲ್ಲಿವೆ.